ಹಳೆಯ ವಾಲ್ವ್ ಆಂಪ್ಲಿಫೈಯರ್‌ನಿಂದ ಬಿಚ್ಚಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್: ಇಂಪೀಡೆನ್ಸ್ ಕಂಡುಹಿಡಿಯುವ ಬಗೆ

ಕೆಟ್ಟುಹೋದ ವಾಲ್ವ್ ರೇಡಿಯೊ ಅಥವಾ ಆಂಪ್ಲಿಫೈಯರ್‌ನಲ್ಲಿ ಉಳಿಸಿಕೊಳ್ಳಲೇಬೇಕಾದ ಭಾಗ ಯಾವುದೆಂದು ಕೇಳಿದರೆ, ವಾಲ್ವ್‌ಗೂ ಸ್ಪೀಕರ್‌ಗೂ ನಡುವೆ ಕೂರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಂದು ಅನುಮಾನವಿಲ್ಲದೆ ಹೇಳುತ್ತೇನೆ. ಕೆಪಾಸಿಟರ್‌ಗಳು ಒಣಗುತ್ತವೆ, ವಾಲ್ವ್‌ಗಳು ಸವೆಯುತ್ತವೆ, ಸಾಕೆಟ್‌ಗಳು ಸಡಿಲಗೊಳ್ಳುತ್ತವೆ. ಚೆನ್ನಾಗಿ ಸುತ್ತಿದ, ತೇವ ತಾಗದ ಟ್ರಾನ್ಸ್‌ಫಾರ್ಮರ್ ಮಾತ್ರ ದಶಕಗಳ ನಂತರವೂ ತನ್ನ ಕೆಲಸವನ್ನು ಮೊದಲಿನಂತೆಯೇ ಮಾಡುತ್ತದೆ. ತೊಡಕು ಇರುವುದು ಗುರುತಿನಲ್ಲಿ. ಹೆಚ್ಚಿನವುಗಳ ಮೈಮೇಲೆ ಏನೂ ಬರೆದಿರುವುದಿಲ್ಲ. ಬರೆದಿದ್ದರೂ ಅದು ತಯಾರಕರ ಒಳಗಿನ ಸಂಖ್ಯೆ, ನಮಗೆ ಉಪಯೋಗವಿಲ್ಲದ್ದು.

ಅಳತೆಗೆ ಇಳಿಯುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿರಲಿ. ಟ್ರಾನ್ಸ್‌ಫಾರ್ಮರ್‌ಗೆ ತನ್ನದೇ ಆದ ಇಂಪೀಡೆನ್ಸ್ (ಎಸಿ ಪ್ರವಾಹಕ್ಕೆ ಒಡ್ಡುವ ಅಡ್ಡಿ, ಓಮ್‌ಗಳಲ್ಲಿ) ಇಲ್ಲ. ಅದಕ್ಕಿರುವುದು ಪ್ರೈಮರಿ (ವಾಲ್ವ್ ಕಡೆಯ ವೈಂಡಿಂಗ್) ಮತ್ತು ಸೆಕೆಂಡರಿ (ಸ್ಪೀಕರ್ ಕಡೆಯದು) ಸುತ್ತುಗಳ ಅನುಪಾತ. ಸೆಕೆಂಡರಿಗೆ ಸ್ಪೀಕರ್ ಜೋಡಿಸಿದಾಗ, ಆ ಸ್ಪೀಕರ್‌ನ ಇಂಪೀಡೆನ್ಸ್ ಈ ಅನುಪಾತದ ವರ್ಗದಷ್ಟು ಪಟ್ಟು ಹಿಗ್ಗಿ ಪ್ರೈಮರಿಯ ಕಡೆ ಕಾಣಿಸಿಕೊಳ್ಳುತ್ತದೆ. ‘ಇದು 5 ಕಿಲೋ-ಓಮ್ ಟ್ರಾನ್ಸ್‌ಫಾರ್ಮರ್’ ಎಂದರೆ, ನಿಗದಿಯಾದ ಸ್ಪೀಕರ್ ಹಾಕಿದಾಗ ವಾಲ್ವ್‌ಗೆ 5 ಕಿಲೋ-ಓಮ್ ಕಾಣುತ್ತದೆ ಎಂದಷ್ಟೇ ಅರ್ಥ. 4 ಓಮ್‌ಗೆಂದು ಸುತ್ತಿದ ಸೆಕೆಂಡರಿಗೆ 8 ಓಮ್ ಸ್ಪೀಕರ್ ಹಾಕಿದರೆ ಅದೇ ಟ್ರಾನ್ಸ್‌ಫಾರ್ಮರ್ 10 ಕಿಲೋ-ಓಮ್ ತೋರಿಸುತ್ತದೆ. ಹೀಗಾಗಿ ನಾವು ಅಳೆಯುವುದು ಅನುಪಾತವನ್ನು. ಇಂಪೀಡೆನ್ಸ್ ಎಂಬುದು ಆ ಅನುಪಾತ, ಸ್ಪೀಕರ್ ಮತ್ತು ವಾಲ್ವ್ ಮೂರನ್ನೂ ಒಟ್ಟಿಗಿಟ್ಟು ತೆಗೆಯಬೇಕಾದ ತೀರ್ಮಾನ.

ವೈರ್ ಕತ್ತರಿಸುವ ಮೊದಲು

ಟ್ರಾನ್ಸ್‌ಫಾರ್ಮರ್ ಇನ್ನೂ ಚಾಸಿಯ ಮೇಲಿದ್ದರೆ ನಿಮ್ಮ ಅರ್ಧ ಉತ್ತರ ಅಲ್ಲೇ ಇದೆ. ಫಿಲ್ಟರ್ ಕೆಪಾಸಿಟರ್‌ಗಳು ಸಾಧನವನ್ನು ಆರಿಸಿದ ಮೇಲೂ 300–500 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಕೆಲವು ಕಿಲೋ-ಓಮ್‌ನ, ಐದಾರು ವಾಟ್ ತಾಳುವ ರೆಸಿಸ್ಟರ್ ಮೂಲಕ ಅವನ್ನು ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಿ. ನಂತರ ಔಟ್‌ಪುಟ್ ವಾಲ್ವ್‌ಗಳ ಹೆಸರು, ಅವು ಒಂದೋ ಎರಡೋ ನಾಲ್ಕೋ, ಯಾವ ಬಣ್ಣದ ವೈರ್ ಸಾಕೆಟ್‌ನ ಯಾವ ಪಿನ್‌ಗೆ ಹೋಗಿದೆ, ಸ್ಪೀಕರ್ ಜಾಕ್‌ನ ಪಕ್ಕ ಏನಾದರೂ ಅಂಕಿ ಇದೆಯೇ ಎಂಬುದನ್ನೆಲ್ಲ ಬರೆದುಕೊಳ್ಳಿ, ಫೋಟೊ ತೆಗೆಯಿರಿ. ಮೂಲ ಸ್ಪೀಕರ್ ಇದ್ದರೆ ಅದರ ಹಿಂಬದಿಯ ಅಂಕಿಯನ್ನೂ ಬಿಡಬೇಡಿ. ವೈರ್‌ಗಳನ್ನು ಆದಷ್ಟು ಉದ್ದವಾಗಿ ಬಿಟ್ಟು ಕತ್ತರಿಸಿ. ಒಳಗಿನ ಎಳೆಗಳು ಕೂದಲಿನಷ್ಟು ತೆಳುವಾಗಿರುತ್ತವೆ. ಹೊರಗಿನ ವೈರ್ ಬುಡದಲ್ಲಿ ತುಂಡಾದರೆ ಮತ್ತೆ ಬೆಸೆಯುವುದು ಬಹಳ ಕಷ್ಟ.

ಬಣ್ಣಗಳಿಂದ ಸುಳಿವು ಸಿಗುತ್ತದೆ, ಖಾತರಿ ಸಿಗುವುದಿಲ್ಲ. ಅಮೆರಿಕದ ತಯಾರಿಕೆಗಳಲ್ಲಿ ನೀಲಿ ಒಂದು ಪ್ಲೇಟ್‌ಗೆ (ವಾಲ್ವ್‌ನ ಔಟ್‌ಪುಟ್ ತುದಿ), ಕೆಂಪು ಹೈ-ಟೆನ್ಷನ್ (ಅಧಿಕ ಡಿಸಿ ವೋಲ್ಟೇಜ್) ಪೂರೈಕೆಗೆ, ಪುಶ್-ಪುಲ್ (ಎರಡು ವಾಲ್ವ್‌ಗಳು ವಿರುದ್ಧ ಸರದಿಯಲ್ಲಿ ದುಡಿಯುವ ಜೋಡಣೆ) ಆಗಿದ್ದರೆ ಕಂದು ಇನ್ನೊಂದು ಪ್ಲೇಟ್‌ಗೆ, ಕಪ್ಪು ಸೆಕೆಂಡರಿಯ ಸಾಮಾನ್ಯ ತುದಿಗೆ ಎಂಬ ರೂಢಿ ಇತ್ತು. ಬೇರೆ ಕಡೆಯವು ಈ ರೂಢಿಯನ್ನು ಪಾಲಿಸಬೇಕೆಂದೇನೂ ಇಲ್ಲ.

ಓಮ್‌ಮೀಟರ್‌ನಿಂದ ವೈಂಡಿಂಗ್‌ಗಳನ್ನು ಬೇರ್ಪಡಿಸುವುದು

ಎಲ್ಲ ವೈರ್‌ಗಳಿಗೂ ಸಂಖ್ಯೆಯ ಚೀಟಿ ಅಂಟಿಸಿ, ಪ್ರತಿ ಜೋಡಿಯ ನಡುವಿನ ಡಿಸಿ ರೋಧವನ್ನು ಅಳೆಯಿರಿ. ಪ್ರೈಮರಿಯಲ್ಲಿ ಸಾಮಾನ್ಯವಾಗಿ ನೂರರಿಂದ ಕೆಲವು ನೂರು ಓಮ್ ಇರುತ್ತದೆ. ಸೆಕೆಂಡರಿಯಲ್ಲಿ ಒಂದು ಓಮ್‌ಗಿಂತ ಕಡಿಮೆ. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರ್ ಸರಿಯಾಗಿ ಹೇಳುವುದಿಲ್ಲ, ಏಕೆಂದರೆ ಮೀಟರ್‌ನ ತಂತಿಗಳದ್ದೇ 0.2 ಓಮ್ ಆಗಬಹುದು. ತಂತಿಗಳ ತುದಿ ಕೂಡಿಸಿದಾಗ ಬರುವ ಅಂಕಿಯನ್ನು ಕಳೆಯಿರಿ. ಇನ್ನೂ ಒಳ್ಳೆಯ ದಾರಿಯೆಂದರೆ ಬೆಂಚ್ ಪವರ್ ಸಪ್ಲೈನಿಂದ 100 ಮಿಲಿಆಂಪಿಯರ್ ಹರಿಸಿ, ವೈಂಡಿಂಗ್‌ನ ತುದಿಗಳಲ್ಲಿ ಎಷ್ಟು ಮಿಲಿವೋಲ್ಟ್ ಇದೆ ಎಂದು ನೋಡುವುದು. 40 ಮಿಲಿವೋಲ್ಟ್ ಬಂದರೆ ರೋಧ 0.4 ಓಮ್. ಈ ಅಂಕಿಗಳನ್ನು ಜೋಪಾನವಾಗಿಡಿ, ಮುಂದೆ ಲೆಕ್ಕಕ್ಕೆ ಬೇಕು.

ಡಿಸಿ ರೋಧಕ್ಕೂ ಇಂಪೀಡೆನ್ಸ್‌ಗೂ ನೇರ ಸಂಬಂಧವಿಲ್ಲ. 8 ಓಮ್ ಟ್ಯಾಪ್ (ವೈಂಡಿಂಗ್‌ನಿಂದ ಹೊರತೆಗೆದ ತುದಿ) ಮೀಟರ್‌ನಲ್ಲಿ ಅರ್ಧ ಓಮ್ ತೋರಿಸಿತೆಂದು ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದುಕೊಂಡು ಎಸೆಯುವವರಿದ್ದಾರೆ. ಅದು ಆರೋಗ್ಯದ ಲಕ್ಷಣ.

ಪ್ರೈಮರಿಯ ರೋಧ ಅಳೆದು ಮೀಟರ್ ತೆಗೆಯುವಾಗ ಬರಿಯ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿಯಬೇಡಿ. ಹತ್ತಾರು ಹೆನ್ರಿ ಇಂಡಕ್ಟನ್ಸ್ ಇರುವ ವೈಂಡಿಂಗ್‌ನಲ್ಲಿ ಮೀಟರ್‌ನ ಪುಟ್ಟ ಪ್ರವಾಹ ತಟ್ಟನೆ ಕಡಿದರೂ ಚುರುಕ್ಕೆನ್ನುವಷ್ಟು ವೋಲ್ಟೇಜ್ ಏಳುತ್ತದೆ.

ಕೈಯಲ್ಲಿರುವುದು ನಿಜಕ್ಕೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೌದೇ ಎಂಬುದೂ ಈ ಹಂತದಲ್ಲೇ ತಿಳಿಯಬೇಕು. ಎರಡೇ ವೈರ್ ಇದ್ದರೆ ಅದು ಚೋಕ್, ಅಂದರೆ ಒಂದೇ ವೈಂಡಿಂಗ್‌ನ ಸುರುಳಿ. ಪವರ್ ಟ್ರಾನ್ಸ್‌ಫಾರ್ಮರ್‌ನ ಹೈ-ಟೆನ್ಷನ್ ವೈಂಡಿಂಗ್‌ನಲ್ಲೂ ಸೆಂಟರ್ ಟ್ಯಾಪ್ (ನಟ್ಟನಡುವಿನ ಟ್ಯಾಪ್) ಇರುತ್ತದೆ, ವಾಲ್ವ್‌ಗಳನ್ನು ಕಾಯಿಸುವ ಹೀಟರ್ ವೈಂಡಿಂಗ್ ಕೂಡ ಸೆಕೆಂಡರಿಯಂತೆಯೇ ಓಮ್‌ನ ಭಿನ್ನಾಂಶ ತೋರಿಸುತ್ತದೆ; ಇವೆರಡನ್ನು ನೋಡಿ ಮೋಸಹೋಗುವುದು ಸುಲಭ. ಆದರೆ ಅದರಲ್ಲಿ ಮೇನ್ಸ್‌ಗೆಂದು ಇರುವ ಮೂರನೆಯ ವೈಂಡಿಂಗ್, ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ನದು, ಗುಟ್ಟು ಬಿಟ್ಟುಕೊಡುತ್ತದೆ.

ಕೊನೆಗೆ ಪ್ರೈಮರಿ–ಸೆಕೆಂಡರಿ ನಡುವೆ ಮತ್ತು ಎರಡರಿಂದಲೂ ಕೋರ್‌ಗೆ ಇನ್ಸುಲೇಷನ್ ಪರೀಕ್ಷಿಸಿ. ಮಲ್ಟಿಮೀಟರ್ ಇದಕ್ಕೆ ಸಾಲದು. 500 ವೋಲ್ಟ್‌ನ ಇನ್ಸುಲೇಷನ್ ಟೆಸ್ಟರ್ ಬೇಕು, ಓದಿಕೆ ಹತ್ತಾರು ಮೆಗಾ-ಓಮ್‌ಗಿಂತ ಮೇಲಿರಬೇಕು. ಕಡಿಮೆ ಬಂದರೆ ಕೆಲವು ಗಂಟೆ 60–70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಟ್ಟು, ಆರಿದ ಮೇಲೆ ಮತ್ತೆ ಅಳೆಯಿರಿ. ತೇವವಾಗಿದ್ದರೆ ಸುಧಾರಿಸುತ್ತದೆ. ಸುಧಾರಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಸ್ಪೀಕರ್ ವೈರ್‌ಗೆ ಹೈ-ಟೆನ್ಷನ್ ಹರಿಯಬಹುದಾದ ವಸ್ತುವನ್ನು ಯಾವ ಕಾರಣಕ್ಕೂ ಬಳಸಬಾರದು.

ಅನುಪಾತ ಅಳೆಯುವುದು

ಇಲ್ಲೊಂದು ನಿಯಮ: ಗೊತ್ತಿರುವ ಎಸಿ ವೋಲ್ಟೇಜನ್ನು ಪ್ರೈಮರಿಗೆ ಕೊಡಿ, ಸೆಕೆಂಡರಿಯಲ್ಲಿ ಅಳೆಯಿರಿ. ತಿರುಗಿಸಿ ಮಾಡಬೇಡಿ. 6.3 ವೋಲ್ಟ್‌ನ ಹೀಟರ್ ಪೂರೈಕೆ ನಿರಪಾಯ ಎಂದುಕೊಂಡು ಅದನ್ನು ಸೆಕೆಂಡರಿಗೆ ಜೋಡಿಸಿದರೆ, ಅನುಪಾತ 28 ಇರುವ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ 176 ವೋಲ್ಟ್ ಎದ್ದು ನಿಲ್ಲುತ್ತದೆ. ಮೇನ್ಸ್ ಅನ್ನಂತೂ ಯಾವ ಕಡೆಗೂ ನೇರವಾಗಿ ಕೊಡಬಾರದು. ವೇರಿಯಾಕ್ (ವೋಲ್ಟೇಜ್ ಏರಿಳಿಸಬಲ್ಲ ಟ್ರಾನ್ಸ್‌ಫಾರ್ಮರ್) ಕೂಡ ಮೇನ್ಸ್‌ನಿಂದ ಪ್ರತ್ಯೇಕಿಸುವುದಿಲ್ಲ ಎಂಬುದು ನೆನಪಿರಲಿ.

12 ಅಥವಾ 24 ವೋಲ್ಟ್ ಕೊಡುವ ಚಿಕ್ಕ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಸಾಕು. ಅದರ ಔಟ್‌ಪುಟ್ ಅನ್ನು 1 ಕಿಲೋ-ಓಮ್ ರೆಸಿಸ್ಟರ್ ಮೂಲಕ ಪ್ರೈಮರಿಯ ಎರಡು ಹೊರ ತುದಿಗಳಿಗೆ ಕೊಡಿ. ಒಳಗೆ ಸುತ್ತುಗಳು ಒಂದಕ್ಕೊಂದು ತಗುಲಿದ್ದರೆ ಈ ರೆಸಿಸ್ಟರ್ ಪ್ರವಾಹಕ್ಕೆ ಕಡಿವಾಣ ಹಾಕುತ್ತದೆ. ಸಿಗ್ನಲ್ ಜನರೇಟರ್ ಇದ್ದರೆ ಅದೂ ಆಗುತ್ತದೆ, ಆದರೆ ಅಗ್ಗದ ಮಲ್ಟಿಮೀಟರ್‌ಗಳ ಎಸಿ ಓದಿಕೆ ಕೆಲವು ನೂರು ಹರ್ಟ್ಸ್ ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ; 50ರಿಂದ 400 ಹರ್ಟ್ಸ್ ಒಳಗೇ ಇರಿ. ಸೆಕೆಂಡರಿಗೆ ಏನನ್ನೂ ಜೋಡಿಸಬೇಡಿ. ರೆಸಿಸ್ಟರ್ ದಾಟಿದ ಮೇಲೆ, ಪ್ರೈಮರಿಯ ತುದಿಗಳಲ್ಲೇ ಇರುವ ವೋಲ್ಟೇಜನ್ನು ಅಳೆಯಿರಿ, ಮೂಲದ ವೋಲ್ಟೇಜನ್ನಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪ್ರೈಮರಿಯಲ್ಲಿ ಮೂರು ವೈರ್, ಸೆಕೆಂಡರಿಯಲ್ಲಿ ನಾಲ್ಕು. ಪ್ರೈಮರಿಯ ಹೊರ ತುದಿಗಳ ನಡುವೆ 24.2 ವೋಲ್ಟ್ ಇದೆ. ಸೆಕೆಂಡರಿಯ ಸಾಮಾನ್ಯ ತುದಿಯಿಂದ ಉಳಿದ ಮೂರಕ್ಕೆ 0.61, 0.865 ಮತ್ತು 1.22 ವೋಲ್ಟ್ ಬರುತ್ತವೆ.

ಮೊದಲು ಸೆಕೆಂಡರಿ ಟ್ಯಾಪ್‌ಗಳನ್ನು ಪರಸ್ಪರ ಹೋಲಿಸಿ. 0.61ಕ್ಕೆ 0.865 ಸುಮಾರು 1.41 ಪಟ್ಟು, 1.22 ಸರಿಯಾಗಿ 2 ಪಟ್ಟು. ಇವುಗಳ ವರ್ಗ 1, 2, 4. ಅಂದರೆ ಟ್ಯಾಪ್‌ಗಳು 4, 8, 16 ಓಮ್ ಆಗಿರುವ ಸಂಭವವೇ ಹೆಚ್ಚು. ಈಗ 8 ಓಮ್ ಟ್ಯಾಪ್‌ನ ಅನುಪಾತ 24.2 ÷ 0.865 = 27.98. ಅದರ ವರ್ಗ 783. 783 × 8 = 6264 ಓಮ್. ಉಳಿದೆರಡು ಟ್ಯಾಪ್‌ಗಳಿಂದಲೂ ಲೆಕ್ಕ ಹಾಕಿದರೆ 6296 ಬರುತ್ತದೆ. ಮೂರೂ ಹೀಗೆ ಒಂದಕ್ಕೊಂದು ಸಮೀಪ ಬಂದರೆ ಅಳತೆ ಸರಿಯಾಗಿದೆ ಎಂದರ್ಥ. ಒಂದು ಮಾತ್ರ ಬೇರೆಯಾದರೆ ಸಾಮಾನ್ಯ ತುದಿಯನ್ನು ತಪ್ಪಾಗಿ ಹಿಡಿದಿದ್ದೀರಿ.

ಇದಕ್ಕೆ ತಾಮ್ರದ ರೋಧವನ್ನು ಸೇರಿಸಬೇಕು, ಹಲವರು ಬಿಟ್ಟುಬಿಡುವ ಹೆಜ್ಜೆ ಇದು. ಸೆಕೆಂಡರಿಯ 0.4 ಓಮ್ ಪ್ರೈಮರಿಯ ಕಡೆ 783 ಪಟ್ಟಾಗಿ 313 ಓಮ್ ಆಗುತ್ತದೆ. ಪ್ರೈಮರಿಯದ್ದೇ 240 ಓಮ್. ಒಟ್ಟು 6264 + 313 + 240, ಅಂದರೆ 6800 ಓಮ್ ದಾಟಿತು. ವಾಲ್ವ್‌ಗಳು ಕಾಣುವುದು ಈ ಅಂಕಿಯನ್ನು. ತಯಾರಕರು ಇದನ್ನು 6.6 ಕಿಲೋ-ಓಮ್ ಎಂದು ಕರೆದಿರಬಹುದು. ಶೇಕಡಾ ಐದು-ಹತ್ತರ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಸ್ಪೀಕರ್‌ನ ಇಂಪೀಡೆನ್ಸೇ ಆವರ್ತನಕ್ಕೆ ತಕ್ಕಂತೆ ಅದಕ್ಕಿಂತ ಎಷ್ಟೋ ಪಾಲು ಏರಿಳಿಯುತ್ತದೆ. ಇದೇ ಲೆಕ್ಕದಿಂದ ನಷ್ಟವೂ ಸಿಕ್ಕಿತು: 553 ಓಮ್ ಭಾಗಿಸು 6817, ಶೇಕಡಾ 8ರಷ್ಟು ಶಕ್ತಿ ತಾಮ್ರದಲ್ಲೇ ಬಿಸಿಯಾಗಿ ಹೋಗುತ್ತದೆ. ಇದು ಒಪ್ಪಬಹುದಾದ ಮಟ್ಟ.

ಸೆಕೆಂಡರಿ ಒಂದೇ ಇದ್ದು, ಅಂಕಿಯೂ ಇಲ್ಲದಿದ್ದರೆ

ನಿಜವಾದ ಪತ್ತೇದಾರಿ ಕೆಲಸ ಇಲ್ಲಿದೆ. ಹಳೆಯ ರೇಡಿಯೊದ ಟ್ರಾನ್ಸ್‌ಫಾರ್ಮರ್‌ನಲ್ಲಿ ಅನುಪಾತ 40 ಬಂದಿತೆನ್ನಿ. ವರ್ಗ 1600. 3 ಓಮ್ ಸ್ಪೀಕರ್ ಎಂದುಕೊಂಡರೆ 4800, 4 ಓಮ್ ಆದರೆ 6400, 8 ಓಮ್ ಆದರೆ 12,800. ಮೂರನ್ನೂ ಬರೆದಿಟ್ಟು, ಯಾವುದು ಮೂಲ ವಾಲ್ವ್‌ಗೆ ಹೊಂದುತ್ತದೆ ಎಂದು ನೋಡಿ. ಅಲ್ಲಿದ್ದದ್ದು ಒಂದೇ ಇಎಲ್84 ವಾಲ್ವ್ ಆಗಿದ್ದರೆ, 250 ವೋಲ್ಟ್‌ನಲ್ಲಿ ಅದಕ್ಕೆ ಬೇಕಾದ ಲೋಡ್ 5.2 ಕಿಲೋ-ಓಮ್. 4800ಕ್ಕೆ ತಾಮ್ರದ ರೋಧ ಕೂಡಿಸಿದರೆ ಅದರ ಆಸುಪಾಸಿಗೇ ಬರುತ್ತದೆ. ಹಾಗಾಗಿ ಇದು 3 ಓಮ್ ಸ್ಪೀಕರ್‌ಗೆ ಸುತ್ತಿದ್ದು. ಆ ಕಾಲದ ಬ್ರಿಟಿಷ್ ಮತ್ತು ಯುರೋಪಿನ ಸಾಧನಗಳಲ್ಲಿ 3, 5, 7.5, 15 ಓಮ್ ಸ್ಪೀಕರ್‌ಗಳು ಸಾಮಾನ್ಯವಾಗಿದ್ದವು. ಎಲ್ಲವನ್ನೂ 4-8-16ರ ಚೌಕಟ್ಟಿಗೆ ತುರುಕಬಾರದು.

ಹೋಲಿಕೆಗೆ ಬೇಕಾದ ಕೆಲವು ಅಂಕಿಗಳು ಇಲ್ಲಿವೆ. ಸಿಂಗಲ್-ಎಂಡೆಡ್ (ಒಂಟಿ ವಾಲ್ವ್) ಬಳಕೆಯಲ್ಲಿ 6ವಿ6 ವಾಲ್ವ್‌ಗೆ 5 ಕಿಲೋ-ಓಮ್, ಇಸಿಎಲ್86ಕ್ಕೆ 7, 6ಎಲ್6 ಮತ್ತು 2ಎ3ಗೆ 2.5, ಇಎಲ್34ಕ್ಕೆ 2, 300ಬಿಗೆ 3ರಿಂದ 3.5. ಪುಶ್-ಪುಲ್ ಜೋಡಿಗಳಲ್ಲಿ ಪ್ಲೇಟ್‌ನಿಂದ ಪ್ಲೇಟ್‌ಗೆ ಇಎಲ್84ಕ್ಕೆ 8 ಕಿಲೋ-ಓಮ್, 6ವಿ6ಗೆ 8ರಿಂದ 10, 6ಎಲ್6ಗೆ 360 ವೋಲ್ಟ್‌ನಲ್ಲಿ 6.6, ಇಎಲ್34ಕ್ಕೆ ಹೆಚ್ಚು ಶಕ್ತಿಯ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ 3.4ರಿಂದ ಹೈ-ಫೈ ಬಳಕೆಯಲ್ಲಿ 6.6ರವರೆಗೆ. 1947ರ ವಿಲಿಯಮ್‌ಸನ್ ಆಂಪ್ಲಿಫೈಯರ್ ಟ್ರಯೋಡ್ (ಮೂರು ಎಲೆಕ್ಟ್ರೋಡ್‌ಗಳ ವಾಲ್ವ್) ರೀತಿ ಜೋಡಿಸಿದ ಕೆಟಿ66 ಜೋಡಿಗೆ 10 ಕಿಲೋ-ಓಮ್ ಬಳಸಿತ್ತು. ವಾಲ್ವ್‌ಗಳು ನಾಲ್ಕಾದರೆ, ಜೋಡಿಯ ಅಂಕಿಯ ಅರ್ಧ.

ಸೆಕೆಂಡರಿಯ ರೋಧ ಓಮ್‌ನ ಭಿನ್ನಾಂಶಕ್ಕೆ ಬದಲು ಹಲವು ಓಮ್ ಇದ್ದು, ಸಾಧನ ಸಭಾಂಗಣಗಳ ಧ್ವನಿವರ್ಧಕ ವ್ಯವಸ್ಥೆಯದ್ದಾಗಿದ್ದರೆ ಅದು 100 ವೋಲ್ಟ್ ಲೈನ್ ವೈಂಡಿಂಗ್ ಇರಬಹುದು. 30 ವಾಟ್‌ನ ಆಂಪ್ಲಿಫೈಯರ್‌ನಲ್ಲಿ ಅದರ ಲೋಡ್ 100ರ ವರ್ಗ ಭಾಗಿಸು 30, ಅಂದರೆ 333 ಓಮ್. 8 ಓಮ್ ಎಂದುಕೊಂಡು ಲೆಕ್ಕ ಹಾಕಿದರೆ ಅರ್ಥವಿಲ್ಲದ ಸಣ್ಣ ಅಂಕಿ ಬರುತ್ತದೆ, ಅದೇ ಸುಳಿವು.

ಮಧ್ಯದ ವೈರ್ ಏನು?

ಪ್ರೈಮರಿಯಲ್ಲಿ ಮೂರು ವೈರ್ ಇವೆ ಎಂದ ಮಾತ್ರಕ್ಕೆ ಪುಶ್-ಪುಲ್ ಎಂದು ತೀರ್ಮಾನಿಸಬೇಡಿ. ಮಧ್ಯದ ವೈರ್‌ನಿಂದ ಎರಡೂ ತುದಿಗಳಿಗೆ ಎಸಿ ವೋಲ್ಟೇಜ್ ಅಳೆಯಿರಿ. ಸಮವಾಗಿದ್ದರೆ ಮಾತ್ರ ಸೆಂಟರ್ ಟ್ಯಾಪ್. ಡಿಸಿ ರೋಧ ಎರಡೂ ಕಡೆ ಸಮವಿಲ್ಲದಿರುವುದು ದೋಷವಲ್ಲ: ಹೊರ ಪದರದ ಪ್ರತಿ ಸುತ್ತಿಗೂ ಒಳ ಪದರದ ಸುತ್ತಿಗಿಂತ ಹೆಚ್ಚು ತಂತಿ ಬೇಕಾಗುವುದರಿಂದ, ಸುತ್ತುಗಳು ಸಮವಿದ್ದರೂ ರೋಧ ಬೇರೆಯಾಗುತ್ತದೆ. ವೋಲ್ಟೇಜ್ ಅಸಮವಾಗಿದ್ದರೆ ಅದು ಸಿಂಗಲ್-ಎಂಡೆಡ್ ಟ್ರಾನ್ಸ್‌ಫಾರ್ಮರ್‌ನ ಸ್ಕ್ರೀನ್ ಟ್ಯಾಪ್ (ವಾಲ್ವ್‌ನ ಸ್ಕ್ರೀನ್ ಗ್ರಿಡ್‌ಗೆ ಹೋಗುವುದು) ಇರಬಹುದು. ಕೆಲವು ರೇಡಿಯೊಗಳಲ್ಲಿ ಗುಂಯ್‌ಗುಡುವ ಸದ್ದನ್ನು ತಗ್ಗಿಸಲು ಒಂದು ತುದಿಯ ಸಮೀಪ ತೆಗೆದ ಟ್ಯಾಪ್ ಕೂಡ ಆಗಬಹುದು.

ಪ್ರೈಮರಿಯಲ್ಲಿ ಐದು ವೈರ್ ಇದ್ದರೆ ಅದು ಅಲ್ಟ್ರಾ-ಲೀನಿಯರ್ (ಸ್ಕ್ರೀನ್‌ಗಳನ್ನೂ ಪ್ರೈಮರಿಯ ಟ್ಯಾಪ್‌ಗಳಿಗೆ ಜೋಡಿಸುವ ವಿನ್ಯಾಸ) ಆಗಿರುವ ಸಾಧ್ಯತೆ ಹೆಚ್ಚು. ಸೆಂಟರ್ ಟ್ಯಾಪ್‌ನಿಂದ ಪ್ಲೇಟ್ ತುದಿಗೆ 12 ವೋಲ್ಟ್, ಸ್ಕ್ರೀನ್ ಟ್ಯಾಪ್‌ಗೆ 5.16 ವೋಲ್ಟ್ ಬಂದರೆ ಅದು ಪ್ರಸಿದ್ಧ ಶೇಕಡಾ 43ರ ಟ್ಯಾಪ್. ಶೇಕಡಾ 20ರವೂ ಇವೆ. ಕ್ವಾಡ್ 2 ಆಂಪ್ಲಿಫೈಯರ್‌ನಂತಹ ಕೆಲವು ವಿನ್ಯಾಸಗಳಲ್ಲಿ ಕ್ಯಾಥೋಡ್‌ಗೆಂದೇ ಪ್ರತ್ಯೇಕ ವೈಂಡಿಂಗ್ ಇರುತ್ತದೆ; ಅದನ್ನು ಸೆಕೆಂಡರಿ ಎಂದು ತಿಳಿಯಬೇಡಿ.

ಇನ್ನು ಹಲವರನ್ನು ಗೊಂದಲಕ್ಕೆ ಬೀಳಿಸುವ ವಿಷಯ: ಸೆಂಟರ್ ಟ್ಯಾಪ್‌ನಿಂದ ಒಂದು ತುದಿಗೆ ಸುತ್ತುಗಳು ಅರ್ಧ, ಇಂಪೀಡೆನ್ಸ್ ಮಾತ್ರ ಕಾಲು ಭಾಗ. ಪ್ಲೇಟ್‌ನಿಂದ ಪ್ಲೇಟ್‌ಗೆ 6.6 ಕಿಲೋ-ಓಮ್ ಇದ್ದರೆ, ಅರ್ಧ ವೈಂಡಿಂಗ್‌ನಲ್ಲಿ 1650 ಓಮ್.

ಇನ್ನೊಂದು ಬಗೆಯಲ್ಲಿ ತಾಳೆ ನೋಡುವುದು

8 ಓಮ್ ಟ್ಯಾಪ್‌ಗೆ 8 ಓಮ್ ರೆಸಿಸ್ಟರ್ ಹಾಕಿ. ಜನರೇಟರ್‌ನಿಂದ 6.8 ಕಿಲೋ-ಓಮ್ ರೆಸಿಸ್ಟರ್ ಮೂಲಕ ಪ್ರೈಮರಿಗೆ 1 ಕಿಲೋ-ಹರ್ಟ್ಸ್ ಕೊಟ್ಟು, ರೆಸಿಸ್ಟರ್‌ನ ಮುಂಚೆ ಮತ್ತು ನಂತರ ಆಸಿಲೋಸ್ಕೋಪ್‌ನಲ್ಲಿ ಅಳೆಯಿರಿ. ನಂತರದ ವೋಲ್ಟೇಜನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ 6.8ರಿಂದ ಗುಣಿಸಿದರೆ ಕಿಲೋ-ಓಮ್‌ನಲ್ಲಿ ಇಂಪೀಡೆನ್ಸ್ ಬರುತ್ತದೆ. ಮೇಲಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬೇಕು. ತಾಮ್ರದ ರೋಧವೂ ಇದರಲ್ಲಿ ಸೇರಿಯೇ ಬರುವುದರಿಂದ ಮೊದಲಿನ ಲೆಕ್ಕಕ್ಕೆ ಒಳ್ಳೆಯ ಸಾಕ್ಷಿ.

ಅನುಪಾತ ಹೇಳದ ಸಂಗತಿಗಳು

ಅನುಪಾತ ಸರಿಹೊಂದಿತೆಂದು ತಕ್ಷಣ ಬೆಸುಗೆ ಹಾಕಬೇಡಿ. ಸಿಂಗಲ್-ಎಂಡೆಡ್ ವಾಲ್ವ್‌ನ ಡಿಸಿ ಪ್ರವಾಹವೆಲ್ಲ ಒಂದೇ ದಿಕ್ಕಿನಲ್ಲಿ ಪ್ರೈಮರಿಯಲ್ಲಿ ಹರಿಯುತ್ತದೆ. ಅದನ್ನು ತಾಳಲು ಕೋರ್‌ನಲ್ಲಿ ಸಣ್ಣ ಗಾಳಿಸಂದು ಬಿಟ್ಟು, ತಗಡುಗಳನ್ನೆಲ್ಲ ಒಂದೇ ಕಡೆಯಿಂದ ಜೋಡಿಸಿರುತ್ತಾರೆ. ಪುಶ್-ಪುಲ್‌ನಲ್ಲಿ ಎರಡು ವಾಲ್ವ್‌ಗಳ ಪ್ರವಾಹಗಳು ಕೋರ್‌ನಲ್ಲಿ ಒಂದನ್ನೊಂದು ರದ್ದುಮಾಡುವುದರಿಂದ ಸಂದು ಬೇಡ. ತಗಡುಗಳನ್ನು ಅದಲುಬದಲಾಗಿ ಹೆಣೆದಿರುತ್ತಾರೆ. ಪುಶ್-ಪುಲ್ ಟ್ರಾನ್ಸ್‌ಫಾರ್ಮರನ್ನು ಸಿಂಗಲ್-ಎಂಡೆಡ್ ಆಗಿ ಬಳಸಿದರೆ ಕೋರ್ ಸ್ಯಾಚುರೇಟ್ ಆಗಿ (ಇನ್ನಷ್ಟು ಕಾಂತತೆ ಹಿಡಿಯಲಾರದಂತಾಗಿ), ಮಂದ್ರ ಸ್ವರಗಳು ಮಾಯವಾಗುತ್ತವೆ. ತಗಡಿನ ಅಂಚನ್ನು ಬೆಳಕಿನಲ್ಲಿ ನೋಡಿ: ಒಂದು ಬದಿಯ ಉದ್ದಕ್ಕೂ ನೇರ ಗೆರೆ, ಅದರಲ್ಲಿ ಕಾಗದದ ಎಳೆ ಕಂಡರೆ ಸಂದು ಇದೆ.

ಕಣ್ಣಿಗೆ ಕಾಣದಿದ್ದರೆ ಇಂಡಕ್ಟನ್ಸ್ ಅಳೆಯಿರಿ. ಅನುಪಾತಕ್ಕೆ ಬಳಸಿದ ಜೋಡಣೆಯೇ ಸಾಕು. 1 ಕಿಲೋ-ಓಮ್ ರೆಸಿಸ್ಟರ್‌ನ ಮೇಲಿನ ವೋಲ್ಟೇಜ್ ನೋಡಿದರೆ ಅದೇ ಮಿಲಿಆಂಪಿಯರ್‌ನಲ್ಲಿ ಪ್ರವಾಹ. ಪ್ರೈಮರಿಯ ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿ, ಬಂದದ್ದನ್ನು 50 ಹರ್ಟ್ಸ್ ಆದರೆ 314ರಿಂದ, 60 ಆದರೆ 377ರಿಂದ ಭಾಗಿಸಿ. 24 ವೋಲ್ಟ್‌ಗೆ 1.9 ಮಿಲಿಆಂಪಿಯರ್ ಬಂದರೆ 40 ಹೆನ್ರಿ, ಸಂದಿಲ್ಲದ ಪುಶ್-ಪುಲ್‌ನ ಲಕ್ಷಣ. ಸಿಂಗಲ್-ಎಂಡೆಡ್‌ಗಳಲ್ಲಿ 5ರಿಂದ 20 ಹೆನ್ರಿ ಸಾಮಾನ್ಯ. ಅಂಗೈಯಗಲದ ಡಿಜಿಟಲ್ ಇಂಡಕ್ಟನ್ಸ್ ಮೀಟರ್‌ಗಳು ತೀರ ಸಣ್ಣ ಸಂಕೇತದಲ್ಲಿ ಅಳೆಯುವುದರಿಂದ ಬೇರೆಯೇ ಅಂಕಿ ತೋರಿಸಬಹುದು. ಒಂದು ಹೆನ್ರಿಗೂ ಕಡಿಮೆ ಬಂದು, ರೆಸಿಸ್ಟರ್ ಮೇಲೆಯೇ ಬಹುಪಾಲು ವೋಲ್ಟೇಜ್ ಬಿದ್ದರೆ ಒಳಗೆ ಸುತ್ತುಗಳು ತಗುಲಿವೆ. ಅದಕ್ಕೆ ಮದ್ದಿಲ್ಲ, ಮತ್ತೆ ಸುತ್ತಿಸಬೇಕು.

ಈ ಹೆನ್ರಿಯ ಅಂಕಿ ಮಂದ್ರದ ಮಿತಿಯನ್ನೂ ಹೇಳುತ್ತದೆ. 5 ಕಿಲೋ-ಓಮ್ ಲೋಡ್, 10 ಹೆನ್ರಿ ಇದ್ದರೆ, ಪೆಂಟೋಡ್‌ನೊಂದಿಗೆ (ಐದು ಎಲೆಕ್ಟ್ರೋಡ್‌ಗಳ, ಒಳರೋಧ ಹೆಚ್ಚಿರುವ ವಾಲ್ವ್) ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ಕೊಡುವುದು) ಇಲ್ಲದೆ 80 ಹರ್ಟ್ಸ್‌ನಲ್ಲೇ ಶಕ್ತಿ ಅರ್ಧಕ್ಕಿಳಿಯುತ್ತದೆ. ಒಳರೋಧ ಕಡಿಮೆ ಇರುವ ಟ್ರಯೋಡ್ ಜೊತೆ ಅದೇ ಟ್ರಾನ್ಸ್‌ಫಾರ್ಮರ್ ಎಷ್ಟೋ ಕೆಳಗೆ ಇಳಿಯಬಲ್ಲದು.

ಎಷ್ಟು ವಾಟ್ ತಾಳುತ್ತದೆ ಎಂಬ ಪ್ರಶ್ನೆಗೆ ನಂಬಬಹುದಾದ ಉತ್ತರ ಮೂಲ ಸಾಧನವೇ. ಅಲ್ಲಿ 10 ವಾಟ್‌ಗೆ ಬಳಸಿದ್ದರೆ ನೀವೂ ಅಷ್ಟಕ್ಕೇ ಬಳಸಿ. ಸಿಂಗಲ್-ಎಂಡೆಡ್ ಆದರೆ ಡಿಸಿ ಪ್ರವಾಹದ ಮಿತಿಯನ್ನೂ ಮೂಲ ವಾಲ್ವ್‌ನಿಂದಲೇ ತಿಳಿಯಿರಿ: ಇಎಲ್84 ಇದ್ದ ಕಡೆ 48 ಮಿಲಿಆಂಪಿಯರ್ ಹರಿಯುತ್ತಿತ್ತು, ಅಲ್ಲಿಗೆ 100 ಮಿಲಿಆಂಪಿಯರ್ ಕೇಳುವ ಇಎಲ್34 ಹಾಕುವುದು ಸಲ್ಲದು.

ಮೊದಲ ಸಲ ಹೈ-ಟೆನ್ಷನ್ ಕೊಡುವಾಗ

ಸ್ಪೀಕರ್ ಬದಲು ಸರಿಯಾದ ಓಮ್‌ನ, ಸಾಕಷ್ಟು ವಾಟ್ ತಾಳುವ ರೆಸಿಸ್ಟರನ್ನು ಸೆಕೆಂಡರಿಗೆ ಹಾಕಿ. ಲೋಡ್ ಇಲ್ಲದೆ ಸಂಕೇತ ಕೊಟ್ಟರೆ ಪ್ರೈಮರಿಯಲ್ಲಿ ಏಳುವ ವೋಲ್ಟೇಜ್ ಇನ್ಸುಲೇಷನ್ ಅನ್ನೇ ಸೀಳಬಹುದು. ಸೆಕೆಂಡರಿಯ ಒಂದು ತುದಿಯನ್ನು ಚಾಸಿಗೆ ಜೋಡಿಸಿ. ನೆಗೆಟಿವ್ ಫೀಡ್‌ಬ್ಯಾಕ್ ವೈರನ್ನು ಮೊದಲು ಬಿಚ್ಚಿಡಿ. ಆಂಪ್ಲಿಫೈಯರ್ ಶಾಂತವಾಗಿ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಜೋಡಿಸಿ ನೋಡಿ. ಔಟ್‌ಪುಟ್ ಸ್ವಲ್ಪ ತಗ್ಗಿದರೆ ದಿಕ್ಕು ಸರಿಯಿದೆ. ತಗ್ಗುವ ಬದಲು ಜೋರಾಗಿ ಕಿರುಚಿದರೆ, ವಿದ್ಯುತ್ ಆರಿಸಿ, ಕೆಪಾಸಿಟರ್ ಖಾಲಿ ಮಾಡಿ, ಪುಶ್-ಪುಲ್‌ನಲ್ಲಿ ಎರಡು ಪ್ಲೇಟ್ ವೈರ್‌ಗಳನ್ನು (ಅಲ್ಟ್ರಾ-ಲೀನಿಯರ್ ಆದರೆ ಸ್ಕ್ರೀನ್ ವೈರ್‌ಗಳನ್ನೂ ಜೊತೆಗೆ), ಸಿಂಗಲ್-ಎಂಡೆಡ್‌ನಲ್ಲಿ ಸೆಕೆಂಡರಿಯ ಎರಡು ತುದಿಗಳನ್ನು ಅದಲುಬದಲು ಮಾಡಿ. ನಂತರ ಅನುಪಾತ, ರೋಧ, ಇಂಡಕ್ಟನ್ಸ್, ವೈರ್ ಬಣ್ಣಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಟ್ರಾನ್ಸ್‌ಫಾರ್ಮರ್‌ನ ಮೈಗೇ ಅಂಟಿಸಿ.